ಆರೈಕೆಯ ತರಗತಿಯಲ್ಲಿ ಸಿಕ್ಕವನು

"ಏ... ಬ್ಯಾಡ್ರೀ! ಅದನ್ನ ಕೊಡಬ್ಯಾಡ್ರಿ!"

ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಿಬಂದ ಆ ಯುವಕ, ಬಿಂದುಶ್ರೀಯ ಕೈಯಿಂದ ಚಕ್ಕೋತದ ಡಬ್ಬಿಯನ್ನು ಕಿತ್ತುಕೊಂಡೇಬಿಟ್ಟ!

ತೊಳೆಗಾಗಿ ಬಾಯಿ ತೆರೆದಿದ್ದ ಅವಳ ತಂದೆ ಜಯರಾಮ್ ಹಾಗೆಯೇ ಕುಳಿತುಬಿಟ್ಟರು.

‘ಎಷ್ಟು ಧೈರ್ಯ ಇವನಿಗೆ!’

"ಯಾರ್ರೀ ನೀವು? ನಮ್ಮಪ್ಪಂಗೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿದೆ. ಪಾಪ, ನಾಲಿಗೆಗೆ ರುಚೀನೇ ಇಲ್ಲ ಅಂತ ಫ್ರೆಂಡ್ ಹಿತ್ತಲಿಂದ ಕೇಳಿ ತಂದಿದ್ದೀನಿ!"

"ಅದಕ್ಕ ಬ್ಯಾಡ ಅಂದೆ. ಚಕ್ಕೋತ ತಿಂದ್ರ ಗುಳಿಗಿ ಅಂಶ ರಕ್ತದಾಗ ಏರತದ್ರಿ. ಹೊಸ ಕಿಡ್ನಿಗೇ ತ್ರಾಸ. ಒಳಗ ಬರ್ರಿ, ಕ್ಲಾಸಿನ್ಯಾಗ ಇದನ್ನ ಹೇಳ್ತಾರ."

ಅದು ಅಂಗಾಂಗ ಕಸಿ ಮಾಡಿಸಿಕೊಂಡವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಪ್ರತಿ ಶನಿವಾರ ನಡೆಯುವ ತರಗತಿ. ನರ್ಸ್ ಕೂಡ ಅದೇ ಮಾತು ಹೇಳಿದಾಗ ಬಿಂದುಶ್ರೀ ಪಕ್ಕದಲ್ಲಿದ್ದ ತಂದೆಯತ್ತ ತಿರುಗಿ ನೋಡಿದಳು.

‘ಅಯ್ಯೋ... ಪ್ರೀತಿಯಿಂದಲೇ ಅಪ್ಪನಿಗೆ ಎಂಥ ಕೆಲಸ ಮಾಡಲು ಹೊರಟಿದ್ದೆ!’

ವಿರಾಮದಲ್ಲಿ ಅವಳು ಕಿಟಕಿಯ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಹತ್ತಿರ ಬಂದ. ಹೆಸರು ನವೀನ, ಧಾರವಾಡದ ಎಂಜಿನಿಯರ್. ಈ ಪರದೇಶದಲ್ಲಿ, ಆಸ್ಪತ್ರೆಗೆ ಹತ್ತಿರದ ಬೆರ್ರಿಯೆಸಾ ಬಡಾವಣೆಯಲ್ಲಿ ತಾಯಿಯೊಂದಿಗೆ ವಾಸ.

"ಅಳಬ್ಯಾಡ್ರಿ. ಹೋದ ವರ್ಷ ನಮ್ಮವ್ವಗ ಲಿವರ್ ಹಾಕಿದಾಗ ನನಗೂ ಏನೂ ಗೊತ್ತಿರಲಿಲ್ಲ. ಇಲ್ಲೇ ಬಂದು ಕಲ್ತೆ. ಈಗ ನಮ್ಮ ಮಂದಿಗೆ ಕನ್ನಡದಾಗ ಹೇಳಿಕೊಡ್ತೀನಿ."

"ನಂಗೆ ಕಲಿಯೋಕೆ ಆಗ್ದೇ ಇದ್ರೆ?"

"ಆಗೂತನಕ ನಾ ಇರ್ತೀನ್ರಿ."

ಎಷ್ಟು ಸರಳವಾಗಿ ಅಂದುಬಿಟ್ಟ! ಬಿಂದುಶ್ರೀಯ ಎದೆ ಒಮ್ಮೆ ಜೋರಾಗಿ ಬಡಿದುಕೊಂಡಿತು.

ಅಲ್ಲಿಂದ ಶನಿವಾರಗಳಿಗೆ ಬಣ್ಣ ಬಂತು. ಮಾತ್ರೆ ಜೋಡಿಸುವ ಅಭ್ಯಾಸಕ್ಕೆ ತರಗತಿಯಲ್ಲಿ ಬಣ್ಣದ ಪೆಪ್ಪರಮಿಂಟು ಕೊಡುತ್ತಿದ್ದರು. ಅವಳು ಎಣಿಸಿ ಡಬ್ಬಿಗೆ ತುಂಬುವಷ್ಟರಲ್ಲಿ ಜಯರಾಮ್ ಸೋಮವಾರದ ಬೆಳಗಿನದನ್ನು ತಿಂದು ಮುಗಿಸಿರುತ್ತಿದ್ದರು!

"ಅಪ್ಪಾರು ಮಂಗಳವಾರಕ್ಕೂ ಕೈ ಹಾಕ್ಯಾರ ನೋಡ್ರಿ!" ಎಂದು ನವೀನ ನಕ್ಕರೆ ತರಗತಿಯೆಲ್ಲ ನಗುತ್ತಿತ್ತು.

ಒಂದು ಶನಿವಾರ ಜಯರಾಮ್ ನೇರವಾಗಿ ಕೇಳಿಯೇಬಿಟ್ಟರು. "ಮದುವೆ ಆಗಿದೆಯೇನಪ್ಪಾ? ಇಲ್ವಾ? ಹಾಗಾದ್ರೆ ನಾಳೆ ನೆವಾರ್ಕಿಗೆ, ನಮ್ಮನೆಗೆ ಊಟಕ್ಕೆ ಬಾ."

"ಅಪ್ಪಾ!" ಬಿಂದುಶ್ರೀಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ನವೀನನ ಕಿವಿ ಕೆಂಪಾಯಿತು. "ಬರ್ತೀನ್ರಿ," ಎಂದ.

ಆದರೆ ಭಾನುವಾರ ಬೆಳಿಗ್ಗೆ ಬಂದದ್ದು ಬರೀ ಒಂದು ಮೆಸೇಜು. ‘ಬರೂದು ಆಗೂದಿಲ್ಲ. ಕ್ಷಮಿಸ್ರಿ.’

ಕಾರಣವಿಲ್ಲ... ಫೋನು ಎತ್ತಲಿಲ್ಲ...

‘ಅಪ್ಪ ಮದುವೆಯ ಮಾತೆತ್ತಿದ್ದಕ್ಕೇ ಹೆದರಿದ. ತಂದೆಯ ಆರೈಕೆ ಹೊತ್ತ ಹುಡುಗಿ ಯಾರಿಗೆ ಬೇಕು?’ ಮಾಡಿಟ್ಟ ಅಡುಗೆಯ ಮುಂದೆ ಕುಳಿತು ಅವಳು ಅತ್ತಳು.

ಮುಂದಿನ ಶನಿವಾರ ಅವನ ಕುರ್ಚಿಯಲ್ಲಿ ಮಾಸ್ಕ್ ತೊಟ್ಟ ಹಿರಿಯ ಹೆಂಗಸೊಬ್ಬರು ಕುಳಿತಿದ್ದರು. ನವೀನನ ತಾಯಿ ಬಂಗಾರೆವ್ವ!

"ನೀ ಬಿಂದು ಅಲ್ಲೇನವಾ? ನಮ್ಮ ನವೀನಗ ಫ್ಲೂ ಜ್ವರ. ನನಗ ಹತ್ತಬಾರದಂತ ನೆಗಡಿ ಶುರು ಆಗೂದ್ರಾಗ ನನ್ನ ಕ್ಯಾಂಪ್‌ಬೆಲ್‌ಗೆ, ಮಗಳ ಮನಿಗೆ ಕಳಿಸಿ, ಒಬ್ಬನ ಮಲಗ್ಯಾನ. ನಿನಗ ಹೇಳಬ್ಯಾಡ ಅಂದಿದ್ದ... ನಾ ಬಿಡ್ತೀನೇನು?"

"ಯಾಕಮ್ಮಾ ಹೇಳ್ಬೇಡ ಅಂದ್ರು?"

"ಅವನ್ನ ಕೇಳು!" ಮಾಸ್ಕಿನ ಮೇಲಿನ ಕಣ್ಣುಗಳು ನಕ್ಕವು.

ಮರುದಿನ ಬಿಂದುಶ್ರೀ, ಬಂಗಾರೆವ್ವ ಕೊಟ್ಟ ವಿಳಾಸ ಹಿಡಿದು, ಬಿಸಿ ಮೆಣಸಿನ ಸಾರು ಮಾಡಿಕೊಂಡು ಹೊರಟಳು. ಜಯರಾಮ್ ಮಾಸ್ಕ್ ತೊಟ್ಟು, ಕಾರಿನಿಂದ ಇಳಿಯುವುದಿಲ್ಲವೆಂದು ಮಾತು ಕೊಟ್ಟು, ಹಟ ಹಿಡಿದು ಹತ್ತಿದರು. ನವೀನನ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಸಾರಿನ ಡಬ್ಬಿಯಿಟ್ಟು ಅವಳು ಕಾರಿಗೆ ಮರಳಿ ಫೋನು ಮಾಡಿದಳು.

ಮೇಲಿನ ಬಾಲ್ಕನಿಯಲ್ಲಿ ಕಂಬಳಿ ಹೊದ್ದ ನವೀನ ಕಾಣಿಸಿದ. ಅವನ ಒಡೆದ ದನಿ ಕಾರಿನ ಸ್ಪೀಕರಿನಲ್ಲಿ ತುಂಬಿತು.

"ಬಿಂದು ಅವರ... ನೀವಿಲ್ಲಿ!"

"ಜ್ವರ ಅಂತ ಒಂದು ಮಾತು ಹೇಳಬಾರದಿತ್ತಾ? ಎಷ್ಟು ಅತ್ತಿದ್ದೀನಿ ಗೊತ್ತಾ!"

"ಹೇಳಿದ್ರ ನೀವು ಸೀದಾ ನನ್ನ ಹಾಸಿಗಿ ಹತ್ರ ಬರ್ತಿದ್ರಿ. ನನ್ನ ಜ್ವರ ನಿಮಗ, ನಿಮ್ಮಿಂದ ಅಪ್ಪಾರಿಗೆ... ಅವರಿಗೇನರ ಆಗಿದ್ರ ನಿಮ್ಮನ್ನ ನೀವು ಕ್ಷಮಿಸ್ತಿದ್ರೇನು?"

ಅವಳ ಕಣ್ಣು ತುಂಬಿ ಬಂತು. ‘ತನ್ನ ಜ್ವರದಲ್ಲೂ ನನ್ನಪ್ಪನ ಚಿಂತೆ...’

"ನಾನೂ ಅದೇ ಕ್ಲಾಸಲ್ಲಿ ಕಲಿತೋಳು. ನೋಡಿ, ಕಾರಲ್ಲೇ ಇದ್ದೀನಿ! ಇನ್ಮುಂದೆ ಒಬ್ರೇ ತೀರ್ಮಾನ ಮಾಡ್ಬೇಡಿ."

"ಇನ್ನ ಮುಂದ... ಅಂದ್ರ?"

"ಅಂದ್ರೆ... ನೀವಿಲ್ದೆ ನಂಗಾಗಲ್ಲ!"

ಬಾಲ್ಕನಿಯಲ್ಲಿ ಅವನ ಹೆಗಲಿಂದ ಕಂಬಳಿ ಜಾರಿತು!

"ನನಗೂ ಆಗೂದಿಲ್ರಿ. ಶನಿವಾರ ಯಾವಾಗ ಬರತದ ಅಂತ ವಾರವೆಲ್ಲ ಕಾಯ್ತೀನಿ. ಲಗ್ನ ಆಗ್ತೀರೇನ್ರಿ ನನ್ನ?"

"ಸಾರು ಆರಿ ಹೋಗುತ್ತಪ್ಪ, ಮೊದಲು ತಗೋ!" ಪಕ್ಕದ ಸೀಟಿನಿಂದ ಜಯರಾಮ್ ಕೂಗಿದರು.

"ಅಯ್ಯಯ್ಯ! ಅಪ್ಪಾರು ಕೇಳಾಕತ್ತಾರೇನ್ರೀ?"

"ಮೊದಲಿಂದ!" ಅಳುತ್ತಲೇ ನಕ್ಕಳು ಬಿಂದುಶ್ರೀ.

"ಹಂಗಾರ... ಉತ್ತರಾ?"

"ಆಗ್ತೀನಿ. ಆದ್ರೆ ಇನ್ಮೇಲೆ ನಂಗೆ ಆ ‘ರೀ’ ಬೇಡ."

"ಆತ್ರೀ!"

"ನೋಡಿ, ಮತ್ತೆ!"

ನಗು, ಕೆಮ್ಮು, ಮತ್ತೆ ನಗು... ಕೊನೆಗೆ ತುಂಬ ಮೆಲ್ಲಗೆ ಬಂತು ಅವನ ದನಿ.

"ಆತು... ಬಿಂದು."