ಗಾಡ್ ಪ್ರಾಮಿಸ್

"ಏಯ್ ಪಾದ್ರಿ, ಇಲ್ಲಿ ಬಾ!"

ಶಾಲೆಯ ನಲ್ಲಿಯ ಹತ್ತಿರ ನೀರು ತುಂಬಿಸುತ್ತಿದ್ದ ಪಾದ್ರಿಯ ತೋಳನ್ನು ರೇಡಿಯೋ ಹಿಡಿದೆಳೆದಳು. ಬಾಟಲಿ ಕೆಳಗೆ ಬಿದ್ದು ಉರುಳಿಹೋಯಿತು.

ಪಾದ್ರಿ ಎಂದರೆ ಚರ್ಚಿನ ಪಾದ್ರಿಯಲ್ಲ, ಐದನೇ ಕ್ಲಾಸಿನ ಹುಡುಗಿ. ಟಿಫಿನ್ ಬಾಕ್ಸ್ ತೆರೆಯುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾಳೆಂದು ಬಿದ್ದ ಹೆಸರು ಅದು. ಹಾಗೆ ಮೊದಲು ಕೂಗಿದವಳೇ ರೇಡಿಯೋ. ಬೆಳಗ್ಗೆ ಆನ್ ಆದರೆ ಸಂಜೆ ಗಂಟೆ ಹೊಡೆಯುವವರೆಗೂ ಆಫ್ ಆಗದ ಬಾಯಿ ಅವಳದು. ಇಬ್ಬರದೂ ಒಂದೇ ಬೆಂಚು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳಿಲ್ಲ.

ಇವತ್ತು ಆ ರೇಡಿಯೋಳ ಬಾಯಿಂದ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ.

"ನಮ್ಮಪ್ಪ ಬಿದ್ಬಿಟ್ರು ಕಣೇ. ಲಿಫ್ಟ್ ರಿಪೇರಿ ಮಾಡ್ತಿದ್ರಲ್ಲ, ಮೇಲಿಂದ... ಇನ್ನೂ ಕಣ್ಣು ಬಿಟ್ಟಿಲ್ಲ. ಐಸಿಯುನಲ್ಲಿದಾರೆ. ನನ್ನ ಒಳಗೆ ಬಿಡಲ್ವಂತೆ."

ಪಾದ್ರಿ ಸುರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದಳು.

"ನೀನು ಪ್ರೇಯರ್ ಮಾಡು. ನಾವು ಚರ್ಚಿಗೆ ಯಾವಾಗ್ಲೋ ಒಂದ್ಸಲ ಬರೋರು, ನಮ್ಮ ಮಾತು ಎಲ್ಲಿ ಕೇಳಿಸುತ್ತೆ? ನಿಂದು ಕೇಳಿಸುತ್ತೆ. ಮಾಡ್ತೀಯಾ?"

"ಮಾಡ್ತೀನಿ. ಖಂಡಿತ ಹುಷಾರಾಗ್ತಾರೆ."

"ಪ್ರಾಮಿಸ್?"

ಗೆಳತಿಯ ಆ ಕಣ್ಣುಗಳನ್ನು ನೋಡುತ್ತಾ ಇಲ್ಲ ಎನ್ನುವುದು ಹೇಗೆ?

"ಗಾಡ್ ಪ್ರಾಮಿಸ್," ಎಂದುಬಿಟ್ಟಳು ಪಾದ್ರಿ.

ಸಂಜೆ ಅಮ್ಮ ಕೆಲಸದಿಂದ ಬಂದಾಗ ಪಾದ್ರಿ ಮಂಚದ ಪಕ್ಕದಲ್ಲಿ ಮಂಡಿಯೂರಿದ್ದಳು. ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ವಾರ್ಡುಗಳಿಂದ ಮೂಟೆಮೂಟೆಯಾಗಿ ಬರುವ ಬೆಡ್‌ಶೀಟುಗಳನ್ನು ಒಗೆದು, ಒಣಗಿಸಿ, ಮಡಚಿ ಕಳಿಸಬೇಕು. ಎಷ್ಟು ಸೋಪು ಹಚ್ಚಿದರೂ ಅವಳ ಕೈಯಿಂದ ಬ್ಲೀಚಿನ ವಾಸನೆ ಹೋಗುತ್ತಿರಲಿಲ್ಲ.

"ಅಮ್ಮ, ರೇಡಿಯೋ ಅಪ್ಪ ನಿಮ್ಮ ಆಸ್ಪತ್ರೇಲೇ..."

"ಗೊತ್ತು ಕಂದ." ಅಮ್ಮ ಬ್ಯಾಗನ್ನೂ ಕೆಳಗಿಡದೆ ನಿಂತೇ ಇದ್ದಳು.

"ಹುಷಾರಾಗ್ತಾರೆ ಅಂತ ನಾನು ಗಾಡ್ ಪ್ರಾಮಿಸ್ ಮಾಡಿದೀನಿ."

ಅಮ್ಮನ ಮುಖ ಸಪ್ಪಗಾಯಿತು. "ಪ್ರಾರ್ಥನೆ ಮಾಡು, ನಾನೂ ಮಾಡ್ತೀನಿ. ಆದ್ರೆ ದೇವರ ಪರವಾಗಿ ನೀನ್ಯಾಕೆ ಮಾತು ಕೊಟ್ಟೆ ಮಗಳೇ?"

"ಕೇಳಿದ್ರೆ ಕೊಡ್ತಾನೆ ಅಂತ ಸಂಡೇ ಸ್ಕೂಲ್ ಮಿಸ್ ಹೇಳಿದಾರಲ್ಲ!"

ಅಮ್ಮ ಬ್ಯಾಗ್ ಕೆಳಗಿಟ್ಟಳು. ಬಂದು ಮಗಳ ಪಕ್ಕದಲ್ಲಿ ತಾನೂ ಮಂಡಿಯೂರಿದಳು.

ಆ ವಾರವೆಲ್ಲ ಪಾದ್ರಿ ದೇವರ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೇಳಿದಳು, ಲೆಕ್ಕದ ಪಿರಿಯಡ್ಡಿನಲ್ಲಿ ಕೇಳಿದಳು, ಹಲ್ಲುಜ್ಜುತ್ತಾ ಬಾಯಿ ತುಂಬ ನೊರೆ ಇಟ್ಟುಕೊಂಡೂ ಕೇಳಿದಳು. ಚಾಕೊಲೇಟ್ ಬಿಟ್ಟಳು. ಟಿವಿ ಬಿಟ್ಟಳು. ತಮ್ಮನ ಜೊತೆ ಜಗಳ ಆಡುವುದನ್ನೂ ಬಿಟ್ಟಳು. ಅದೇ ಎಲ್ಲಕ್ಕಿಂತ ಕಷ್ಟವಾಗಿದ್ದು.

ಶುಕ್ರವಾರ ವಿಜ್ಞಾನದ ಪಾಠ ನಡೆಯುತ್ತಿದ್ದಾಗ ಹೆಡ್ ಮಿಸ್ ಬಾಗಿಲಿಗೆ ಬಂದು ರೇಡಿಯೋಳನ್ನು ಕರೆದರು.

"ಬ್ಯಾಗ್ ತಗೊಂಡೇ ಬಾ ಪುಟ್ಟ," ಎಂದರು. ಯಾವಾಗಲೂ ಗುಡುಗುವ ಅವರ ದನಿ ಇವತ್ತು ಮೆತ್ತಗಿತ್ತು. ಆ ಮೆತ್ತಗಿನ ದನಿ ಕೇಳಿಯೇ ಇಡೀ ಕ್ಲಾಸಿಗೆ ಗೊತ್ತಾಯಿತು. ರೇಡಿಯೋ ಬಾಗಿಲಲ್ಲಿ ಒಮ್ಮೆ ತಿರುಗಿ ಪಾದ್ರಿಯನ್ನು ನೋಡಿದಳು, ಅಷ್ಟೇ.

ಅಪ್ಪನ ಮಣ್ಣೆಲ್ಲ ಮುಗಿದು ಮತ್ತೆ ಶಾಲೆಗೆ ಬಂದ ದಿನ ಅವಳು ಬೇರೆ ಬೆಂಚಿನಲ್ಲಿ ಕೂತಳು. ಪಾದ್ರಿ ಮೆಲ್ಲಗೆ ಹತ್ತಿರ ಹೋದಳು.

"ಸುಳ್ಳಿ," ಎಂದಳು ರೇಡಿಯೋ. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

ಆ ಮಧ್ಯಾಹ್ನ ಪಾದ್ರಿ ಕಣ್ಣು ಮುಚ್ಚದೆಯೇ ಟಿಫಿನ್ ಬಾಕ್ಸ್ ತೆರೆದಳು.

"ನಾನಿನ್ನು ಪ್ರೇಯರ್ ಮಾಡಲ್ಲ," ಎಂದಳು ಮನೆಯಲ್ಲಿ.

ಬೈಗುಳ ಬೀಳುತ್ತದೆಂದು ಕಾದಳು. ಪಾತ್ರೆ ಉಜ್ಜುತ್ತಿದ್ದ ಅಮ್ಮನ ಕೈ ನಿಂತಿತು.

"ನಂಗೂ ಕೋಪ ಬರುತ್ತೆ ಕಣಮ್ಮ. ಆ ಐಸಿಯು ವಾರ್ಡಿನ ಬಟ್ಟೆ ಬಂದಾಗೆಲ್ಲ ಬರುತ್ತೆ. ಅವನಿಗೇ ಹೇಳ್ತೀನಿ."

"ದೇವರಿಗೇ ಬೈತೀಯಾ?"

"ಇನ್ಯಾರಿಗೆ ಬೈಲಿ? ಬೈದು, ಅತ್ತು, ಬೆಳಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋಗ್ತೀನಿ."

ಅಮ್ಮ ಮತ್ತೆ ಪಾತ್ರೆ ಉಜ್ಜತೊಡಗಿದಳು.

ಭಾನುವಾರ ಚರ್ಚ್ ಮುಗಿದ ಮೇಲೆ ಅಮ್ಮ ರೇಡಿಯೋ ಮನೆಯ ಕಡೆ ತಿರುಗಿದಳು. ಪಾದ್ರಿ ಚರ್ಚಿನ ಗೇಟಿನಲ್ಲೇ ನಿಂತಳು.

"ನಾನು ಬರಲ್ಲ. ಅವಳ ಹತ್ರ ಏನಂತ ಮಾತಾಡ್ಲಿ?"

"ಮಾತಾಡು ಅಂದ್ನಾ? ಸುಮ್ನೆ ಬಾ."

ಮನೆ ತುಂಬ ಜನ. ಚರ್ಚಿನವರೇ ಹೆಚ್ಚು. ರೇಡಿಯೋಳ ಅಮ್ಮ ಗೋಡೆಗೆ ಒರಗಿ, ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದರು.

"ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ," ಎಂದರು ಒಬ್ಬ ಆಂಟಿ.

"ಎಲ್ಲಾ ಅವನ ಚಿತ್ತ. ಅಳಬಾರದು," ಎಂದರು ಇನ್ನೊಬ್ಬರು.

ಪಾದ್ರಿ ಅವರಿಬ್ಬರ ಮುಖ ನೋಡಿದಳು. ನಲ್ಲಿಯ ಹತ್ತಿರ ತಾನು ಆಡಿದ್ದೂ ಇಂಥದೇ ಮಾತಲ್ಲವೇ?

ಪಾದ್ರಿಯ ಅಮ್ಮ ಮಾತ್ರ ರೇಡಿಯೋಳ ಅಮ್ಮನ ಕೈಯನ್ನು ಒಮ್ಮೆ ಹಿಡಿದುಕೊಂಡು, ಸೀದಾ ಅಡುಗೆಮನೆಗೆ ಹೋಗಿ ಸಿಂಕಿನಲ್ಲಿ ರಾಶಿ ಬಿದ್ದಿದ್ದ ಲೋಟಗಳನ್ನು ತೊಳೆಯತೊಡಗಿದಳು.

ರೇಡಿಯೋ ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಅಪ್ಪನ ನೀಲಿ ಯೂನಿಫಾರ್ಮ್ ಶರ್ಟು. ಅದರ ತೋಳಿನ ತುಂಬ ಗ್ರೀಸ್ ಕಲೆ. ಪಾದ್ರಿ ಒಂದು ಮೆಟ್ಟಿಲು ಕೆಳಗೆ ಕೂತಳು.

"ಯಾರೋ ಆಂಟಿ ಇದನ್ನ ಒಗೆದುಹಾಕ್ತೀನಿ ಅಂದ್ರು," ಎಂದಳು ರೇಡಿಯೋ ಎತ್ತಲೋ ನೋಡುತ್ತಾ. "ನಾನು ಕೊಡ್ಲಿಲ್ಲ. ಒಗೆದ್ರೆ ಅಪ್ಪನ ವಾಸನೆ ಹೋಗುತ್ತೆ."

"ಕೊಡ್ಬೇಡ," ಎಂದಳು ಪಾದ್ರಿ. ಆಮೇಲೆ ತಡೆಯಲಾರದೆ, "ನಾನು ಹಾಗೆ ಪ್ರಾಮಿಸ್ ಮಾಡಬಾರದಿತ್ತು ಕಣೇ. ನಂಗೇನೂ ಗೊತ್ತಿರ್ಲಿಲ್ಲ. ನೀನು ಅಳ್ತೀಯ ಅಂತ ಹೇಳ್ಬಿಟ್ಟೆ," ಎಂದಳು.

ರೇಡಿಯೋ ಗ್ರೀಸ್ ಕಲೆಯನ್ನು ಬೆರಳಿಂದ ಸವರುತ್ತಿದ್ದಳು.

"ಈಗ ಎಲ್ಲಿದಾರೆ ನಮ್ಮಪ್ಪ?"

ಸಂಡೇ ಸ್ಕೂಲಿನಲ್ಲಿ ಇಂಥ ಪ್ರಶ್ನೆಗೆ ಎಲ್ಲರಿಗಿಂತ ಮೊದಲು ಕೈ ಎತ್ತುವವಳು ಪಾದ್ರಿ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು.

"ದೇವರ ಹತ್ರ ಇದಾರೆ ಅಂದ್ಕೊಂಡಿದೀನಿ. ಆದ್ರೆ ನಾನು ನೋಡಿಲ್ಲ ಕಣೇ."

"ಹೂಂ," ಎಂದಳು ರೇಡಿಯೋ.

ಒಳಗೆ ಕುರ್ಚಿಗಳು ಸರಿದ ಸದ್ದಾಯಿತು. "ಎಲ್ಲರೂ ಬನ್ನಿ, ಪ್ರಾರ್ಥನೆ ಮಾಡೋಣ," ಎಂದು ಪಾಸ್ಟರ್ ಕರೆಯುತ್ತಿದ್ದರು.

"ನಾನು ಹೋಗಲ್ಲ. ನೀನು ಹೋಗು."

ಪಾದ್ರಿಯ ಕಾಲುಗಳು ಅಭ್ಯಾಸಬಲದಿಂದ ಅರ್ಧ ಎದ್ದಿದ್ದವು. ಅವಳು ಮೇಲಿನ ಮೆಟ್ಟಿಲಿಗೆ ಸರಿದು, ರೇಡಿಯೋಳ ಪಕ್ಕದಲ್ಲೇ ಮತ್ತೆ ಕೂತಳು. ರೇಡಿಯೋಳ ತಲೆ ಮೆಲ್ಲನೆ ಬಂದು ಅವಳ ಹೆಗಲಿಗೆ ತಾಗಿತು. ಆಮೇಲೆ ಫ್ರಾಕಿನ ತೋಳು ಒದ್ದೆಯಾಗತೊಡಗಿತು.

ಒಳಗೆ ಪ್ರಾರ್ಥನೆ ಬಹಳ ಹೊತ್ತು ನಡೆಯಿತು. ಪಾದ್ರಿಯ ಹೆಗಲು ಜೋಮು ಹಿಡಿಯಿತು. ಅವಳು ಅಲುಗಾಡಲಿಲ್ಲ.