ನೀರು ಬಚ್ಚಿಟ್ಟಿದ್ದ ಕೈ

“ಚಪ್ಪಲಿ ಅಲ್ಲೇ ಬಿಡು. ಕಾಲು ತೊಳ್ಕೊಂಡು ಈ ಬೂಟು ಹಾಕ್ಕೋ,” ಎಂದಳು ಅಮ್ಮ.

ರಬ್ಬರ್ ಬೂಟು ಚೂಟಿಯ ಮೊಣಕಾಲು ದಾಟಿ ಮೇಲೆ ಬಂತು. ಹೆಜ್ಜೆ ಇಟ್ಟರೆ ಕಾಲು ಮುಂದೆ ಹೋಗುತ್ತಿತ್ತು, ಬೂಟು ಹಿಂದೆಯೇ ಉಳಿಯುತ್ತಿತ್ತು.

“ಇದನ್ನ ಹಾಕ್ಕೊಂಡು ಹೇಗಮ್ಮ ನಡೆಯೋದು?”

“ಒಳಗಿರೋದು ಇಡೀ ಊರು ಕುಡಿಯೋ ನೀರು ಕಣೇ. ನಿನ್ನ ಸ್ಕೂಲ್ ಗ್ರೌಂಡಿನ ಮಣ್ಣು ಅದಕ್ಕೆ ಬೇಡ.”

ಅವತ್ತು ಸ್ಕೂಲ್ ಅರ್ಧ ದಿನಕ್ಕೇ ಮುಗಿದಿತ್ತು. ಟಾಯ್ಲೆಟ್ಟಿನ ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಹೆಡ್ ಮಿಸ್ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಮಕ್ಕಳು “ಹೋ!” ಎಂದು ಕುಣಿದು ಐಸ್‌ಕ್ರೀಂ ಗಾಡಿಗೆ ಮುತ್ತಿಗೆ ಹಾಕಿದ್ದರು.

ಚಳಿಗಾಲದಲ್ಲಿ ಐಸ್‌ಕ್ರೀಂ! ಚಳಿಗಾಲದಲ್ಲೇ ಮಳೆ ಸುರಿಯುವ ಊರು ಅದು. ಈ ವರ್ಷ ಮಳೆಯೂ ಇಲ್ಲ, ಚಳಿಯೂ ಇಲ್ಲ. ಸ್ವೆಟರುಗಳು ಪೆಟ್ಟಿಗೆಯಿಂದ ಹೊರಗೆ ಬಂದೇ ಇರಲಿಲ್ಲ. “ಎಷ್ಟು ಚೆನ್ನಾಗಿದೆ ಹವಾ!” ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅಮ್ಮ ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆದು ಆಕಾಶ ನೋಡಿ, ಮುಖ ಸಣ್ಣ ಮಾಡಿಕೊಂಡು ಮುಚ್ಚುತ್ತಿದ್ದಳು.

ಅಮ್ಮನ ಕೆಲಸ ನೀರಿನ ಕಚೇರಿಯಲ್ಲಿ. ದೊಡ್ಡ ಚಕ್ರದಂಥ ವಾಲ್ವ್ ತಿರುಗಿಸಿ ಒಂದೊಂದು ಬೀದಿಗೂ ನೀರು ಬಿಡುವವಳು ಅವಳೇ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಚೂಟಿ ಸೀದಾ ಇಲ್ಲಿಗೆ ಬಂದಿದ್ದಳು.

ಪಂಪ್ ನಡೆಸುವವರನ್ನು ಎಲ್ಲರೂ ಪಂಪ್ ಮಾಮ ಎನ್ನುತ್ತಿದ್ದರು. ನೀರಿನ ಮಟ್ಟ ನೋಡಲೆಂದು ಅವರು ನೆಲದಡಿಯ ತೊಟ್ಟಿಯ ಕಬ್ಬಿಣದ ಬಾಗಿಲನ್ನು ಕರ್ರೆಂದು ಎಳೆದರು. ಒಳಗಿನಿಂದ ತಣ್ಣನೆಯ ಗಾಳಿ ಬಂದು ಚೂಟಿಯ ಮುಖಕ್ಕೆ ತಾಗಿತು.

“ನನ್ನ ಕೈ ಬಿಡಬೇಡ,” ಎಂದು ಅಮ್ಮ ಟಾರ್ಚ್ ಹಚ್ಚಿದಳು.

ಕಲ್ಲಿನ ಮೆಟ್ಟಿಲುಗಳು ಕತ್ತಲೆಯೊಳಕ್ಕೆ ಇಳಿದಿದ್ದವು. ಟಾರ್ಚಿನ ಬೆಳಕು ಹೋದಲ್ಲೆಲ್ಲ ಕಂಬಗಳು. ಸಾಲು ಸಾಲು ಕಂಬಗಳು, ಅವುಗಳ ನೆತ್ತಿಯಲ್ಲಿ ಕಮಾನುಗಳು. ಬೆಳಕು ಸೋತು ಹೋದರೂ ಕಂಬಗಳು ಮುಗಿಯಲಿಲ್ಲ. ಕೆಳಗೆ ನೀರು, ಕನ್ನಡಿಯಂತೆ ಅಲುಗಾಡದೆ ಮಲಗಿತ್ತು. ಅದರೊಳಗೆ ಇನ್ನೊಂದು ಅರಮನೆ ತಲೆಕೆಳಗಾಗಿ ನಿಂತಿತ್ತು.

ತಾನು ದಿನಾ ಸೈಕಲ್ ಹೊಡೆಯುವ ಮೈದಾನದ ಅಡಿಯಲ್ಲಿ ಇಷ್ಟು ದೊಡ್ಡದು ಇದೆಯೇ!

“ಅಮ್ಮಾ!” ಎಂದಳು ಚೂಟಿ.

“ಮ್ಮಾ… ಮ್ಮಾ… ಮ್ಮಾ…” ಕಂಬಗಳ ಹಿಂದೆ ನಿಂತ ಎಷ್ಟೋ ಮಕ್ಕಳು ತಮ್ಮ ತಮ್ಮ ಅಮ್ಮಂದಿರನ್ನು ಕರೆದಂತಾಯಿತು. ಚೂಟಿಯ ಮೈ ಜುಮ್ಮೆಂದಿತು.

“ಮಾಮೂಲಿಯಾಗಿ ನೀರು ಬಾಗಿಲ ಹತ್ರಕ್ಕೇ ಇರತ್ತೆ,” ಎಂದರು ಪಂಪ್ ಮಾಮ. “ಈ ಮೆಟ್ಟಿಲನ್ನ ನಾನೂ ಇದೇ ಮೊದಲು ನೋಡ್ತಿರೋದು. ತಲೆ ಬೆಳ್ಳಗಾಗೋವರೆಗೂ ಇಲ್ಲೇ ದುಡಿದಿದೀನಿ.”

ಅಷ್ಟರಲ್ಲಿ ಚೂಟಿ, “ಅಲ್ನೋಡಿ!” ಎಂದಳು.

ಮೆಟ್ಟಿಲಿಗೆ ಅಂಟಿಕೊಂಡಿದ್ದ ಕಂಬದಲ್ಲಿ, ನೀರಿಗಿಂತ ಸ್ವಲ್ಪ ಮೇಲೆ, ಒಂದು ಕೈ ಇತ್ತು. ಹಸಿ ಗಾರೆಯ ಮೇಲೆ ಯಾರೋ ಒತ್ತಿದ್ದ ಕೈಯ ಗುರುತು. ಐದು ಬೆರಳು. ಚಿಕ್ಕದು.

ಅಮ್ಮ ಅವಳ ಸೊಂಟ ಹಿಡಿದುಕೊಂಡಳು. ಚೂಟಿ ಮೆಲ್ಲಗೆ ಬಾಗಿ ತನ್ನ ಕೈಯನ್ನು ಅದರೊಳಗೆ ಇಟ್ಟಳು. ಬೆರಳಿಗೆ ಬೆರಳು ಸರಿಯಾಗಿ ಕೂತಿತು. ಗಾರೆ ತಣ್ಣಗಿತ್ತು.

“ಯಾರದಮ್ಮ ಇದು?”

“ಗೊತ್ತಿಲ್ಲ ಮಗಳೇ. ಇದನ್ನ ಕಟ್ಟಿದಾಗ ನಿಮ್ಮಜ್ಜಿ ಕೂಡ ಹುಟ್ಟಿರಲಿಲ್ಲ. ಕೆಲಸಕ್ಕೆ ಬಂದವರ ಮಗು ಇರಬೇಕು.”

ಅಮ್ಮನ ದನಿ ಪಿಸುಮಾತಿನಷ್ಟು ಸಣ್ಣದಾಗಿತ್ತು. ಪಂಪ್ ಮಾಮ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಮರುದಿನ ಕ್ಲಾಸಿನಲ್ಲಿ ಚೂಟಿ ಬೇರೆ ಮಾತೇ ಆಡಲಿಲ್ಲ. ಅವಳ ಬೆಂಚಿನಲ್ಲಿ ಕೂರುವ ಹುಡುಗ ಎಲ್ಲದಕ್ಕೂ ವಾದ ಮಾಡುತ್ತಿದ್ದ. ಅದಕ್ಕೇ ಅವನ ಹೆಸರು ಲಾಯರ್.

“ಬುರುಡೆ ಬಿಡಬೇಡ,” ಎಂದ ಲಾಯರ್. “ಮೈದಾನದ ಕೆಳಗೆ ಅರಮನೆಯಂತೆ! ಅದರಲ್ಲಿ ಕೈಯಂತೆ! ಪ್ರೂಫ್ ಎಲ್ಲಿ?”

“ಬಾ, ತೋರಿಸ್ತೀನಿ!”

ಅಮ್ಮ ಖಂಡಿತ ಬೈಯುತ್ತಾಳೆ ಎಂದುಕೊಂಡೇ ಚೂಟಿ ಸಂಜೆ, “ಲಾಯರ್‌ನ ಕರ್ಕೊಂಡು ಬರ್ಲಾ?” ಎಂದು ಕೇಳಿದಳು. ಅಮ್ಮ ಬೈಯದೆ, “ಬರ್ಲಿ. ಅವನೂ ನೋಡ್ಲಿ,” ಎಂದಳು.

ಶನಿವಾರ ಲಾಯರ್ ದೊಡ್ಡ ಬೂಟಿನೊಳಗೆ ಕಾಲು ತೂರಿಸಿ, ಬಾತುಕೋಳಿಯಂತೆ ಮೆಟ್ಟಿಲಿಳಿದ. ಕಂಬಗಳು ಕಂಡದ್ದೇ ತಡ, ಅವನ ಬಾಯಿ ಮುಚ್ಚಿತು. ಲಾಯರ್ ಮಾತಿಲ್ಲದೆ ನಿಂತದ್ದನ್ನು ಚೂಟಿ ಹಿಂದೆಂದೂ ನೋಡಿರಲಿಲ್ಲ.

“ಈ ಕಡೆ ನೋಡು. ಕೈ,” ಎಂದು ಅವಳು ಜಂಬದಿಂದ ಟಾರ್ಚ್ ತಿರುಗಿಸಿದಳು.

ಕೈ ಅಲ್ಲೇ ಇತ್ತು. ಆದರೆ ನೀರು ಅದರ ಹತ್ತಿರ ಇರಲಿಲ್ಲ. ಮೊನ್ನೆ ಕಾಣದಿದ್ದ ಮೆಟ್ಟಿಲುಗಳು ಕಪ್ಪಗೆ, ಒದ್ದೆಯಾಗಿ ಮೇಲೆದ್ದಿದ್ದವು.

“ಅದರ ಕೆಳಗೆ ಏನೋ ಇದೆ ಕಣೇ!” ಎಂದು ಲಾಯರ್ ಉಸುರಿದ.

ಚಿಕ್ಕ ಕೈಯ ಕೆಳಗೆ ಒಂದು ದೊಡ್ಡ ಕೈ ಇತ್ತು, ಅಗಲವಾದದ್ದು, ಹೆಬ್ಬೆರಳು ಸ್ವಲ್ಪ ಸೊಟ್ಟ. ಅದರ ಪಕ್ಕದಲ್ಲಿ ಬಳೆಯ ಗುರುತೂ ಮೂಡಿದ್ದ ಇನ್ನೊಂದು ಕೈ. ಎರಡರ ನಡುವೆ ಒಂದು ಪಾದ. ಚೂಟಿಯ ಕಿರುಬೆರಳಿಗಿಂತ ತುಸು ಉದ್ದ, ಅಷ್ಟೆ. ಯಾರೋ ಹಸುಗೂಸನ್ನು ಎತ್ತಿ ಹಿಡಿದು, ಅದರ ಕಾಲನ್ನು ಗಾರೆಗೆ ಮೆತ್ತಗೆ ಒತ್ತಿದ್ದರು. ಗುಂಡಗಿನ ಐದು ಬೆರಳುಗಳೂ ಕಾಣುತ್ತಿದ್ದವು.

ದೂರದಲ್ಲೆಲ್ಲೋ ಒಂದು ಹನಿ ತೊಟ್ಟಿಕ್ಕಿತು. ಆ ಸದ್ದು ಕಂಬದಿಂದ ಕಂಬಕ್ಕೆ ಸುತ್ತಾಡಿ ಅವರ ಬಳಿಗೆ ಬಂತು.

“ಪಾಪು ಕೂಡ ಬಂದಿತ್ತು,” ಎಂದಳು ಚೂಟಿ.

ಲಾಯರ್‌ಗೆ ಈಗ ಮಾತು ಬಂತು. “ಆಂಟಿ, ಇನ್ನೂ ಕೆಳಗೆ ಇರಬಹುದಲ್ವಾ? ಅವರಜ್ಜಿದು, ತಾತಂದು? ಮುಂದಿನ ವಾರ ಬರೋಣ್ವಾ? ಅಷ್ಟೊತ್ತಿಗೆ ನೀರು ಇನ್ನೂ ಇಳಿದು ಕಾಣತ್ತಲ್ವಾ?”

“…ಲ್ವಾ… ಲ್ವಾ…” ಎಂದವು ಕಂಬಗಳು.

ಅಮ್ಮ ಒದ್ದೆ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಆಕಾಶ ನೋಡುವಾಗ ಇರುತ್ತದಲ್ಲ, ಅದೇ ಮುಖ. ಚೂಟಿ ಅಮ್ಮನನ್ನು ನೋಡಿದಳು. ಆಮೇಲೆ ಪಾಪುವಿನ ಪಾದವನ್ನು ನೋಡಿದಳು. ಬೇಸಿಗೆ ಇನ್ನೂ ಶುರುವೇ ಆಗಿರಲಿಲ್ಲ.

“ಬೇಡ ಕಣೋ,” ಎಂದಳು ಚೂಟಿ.

“ಯಾಕೆ? ನಿಂಗೆ ನೋಡ್ಬೇಕು ಅನ್ಸಲ್ವಾ?”

“ತುಂಬಾ ಅನ್ಸತ್ತೆ.”

“ಮತ್ತೆ?”

ಚೂಟಿ ಟಾರ್ಚನ್ನು ಕಂಬದಿಂದ ಸರಿಸಿ, ಕೆಳಗೆ ಉಳಿದಿದ್ದ ನೀರಿನ ಮೇಲೆ ಹಿಡಿದಳು. ತೊಟ್ಟಿಲಲ್ಲಿ ನಿದ್ದೆಹೋದ ಮಗುವನ್ನು ನೋಡುವಂತೆ, ಉಸಿರು ಬಿಗಿಹಿಡಿದು, ಅದನ್ನೇ ನೋಡುತ್ತ ನಿಂತಳು.