ಹದಿನಾಲ್ಕನೇ ಕಂಬದ ಅಡ್ಡಿ

"ವಸಿ ಜರುಗ್ರಪ್ಪೋ... ಕಾಲ್ ತುಳ್ದ್‌ಬುಟ್ಟೇನು!"

ನಂದಿತಾ ಬೆಚ್ಚಿ ತಿರುಗಿದಳು. ಎದುರಿಗೆ ನಾಲ್ಕು ಕಾಲಿನ ಹಳದಿ ರೋಬೋ! ತಲೆ ಇರಬೇಕಾದ ಕಡೆ ಕ್ಯಾಮೆರಾ. ಮಾತು ಮಾತ್ರ ಅಪ್ಪಟ ಅಂಚೆಟ್ಟಿ ಕಡೆಯ ಹಳ್ಳಿಗನ್ನಡ!

ಹೊಸೂರಿನ ಆ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಿ ಅವಳಿಗದು ಮೊದಲ ದಿನ. ಕೈಯಲ್ಲಿದ್ದ ಫೈಲು ನೆಲ ಸೇರಿತ್ತು.

ಹದಿನಾಲ್ಕನೇ ಕಂಬದ ಹಿಂದಿನಿಂದ ನಗುತ್ತಾ ಒಬ್ಬ ಬಂದ.

"ಹೆದರ್ಕಬ್ಯಾಡಿ ಅಮ್ಮಣ್ಣಿ. ಇವ್ನು ಭೈರ. ಮಿಷಿನ್ ಬಿಸಿ ಆಗ್ಯದಾ ಅಂತ ನೋಡ್ಕಂಡು ತಿರುಗ್ತಾನೆ. ಅಡ್ಡ ನಿಂತ್ರೆ ಬಾಯ್ ಬಿಡ್ತಾನೆ. ತಮಿಳಲ್ಲಿ ಹೇಳ್ದ, ತೆಲುಗಲ್ಲಿ ಹೇಳ್ದ, ನೀವು ಕದಲ್ಲಿಲ್ಲ. ಅದ್ಕೇ ಕನ್ನಡಕ್ಕೆ ಬಂದ!"

"ಆ ಬಾಯಿ ಯಾರದು?"

"ನಂದೇಯಾ. ಮೂರೂ ನಾನೇ ರೆಕಾರ್ಡ್ ಮಾಡಿದ್ದು. ನಾನು ಮುನೀಶ, ಇವನ ಡಾಕ್ಟ್ರು."

ನಾಲ್ಕು ಕಾಲಿದ್ದೂ ಕಾಲಹರಣ ಅರಿಯದ ಭೈರ ತನ್ನ ದಾರಿ ಹಿಡಿದ. ಎರಡೇ ಕಾಲಿನ ಮುನೀಶ ಮಾತ್ರ ಅಲ್ಲೇ ನಿಂತುಬಿಟ್ಟ!

ಮುನೀಶನ ಗಂಟಲಲ್ಲಿ ಇಡೀ ಕಾರ್ಖಾನೆಯೇ ಇತ್ತು. ಮ್ಯಾನೇಜರ ಕೆಮ್ಮು, ಕಂಪನಿ ಬಸ್ಸಿನ ಹಾರನ್ನು, ಕ್ಯಾಂಟೀನಿನ ವರಲಕ್ಷ್ಮಮ್ಮನ ಬೈಗುಳ... ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನಂದಿತಾ. ಅವನು ರಜೆ ಹಾಕಿದ ದಿನ ಶಿಫ್ಟೇ ಮುಗಿಯುತ್ತಿರಲಿಲ್ಲ!

ಆರು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಊಟದ ಹೊತ್ತು. ಮುನೀಶ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ತಳ್ಳಿಕೊಂಡು ರಾಗ ಎಳೆದ. "ಅಯ್ಯೋ... ಇದು ರಿಜೆಕ್ಟು ಕಣ್ರೀ!"

ನಂದಿತಾಳದೇ ದನಿ, ಅವಳದೇ ಕನ್ನಡಕದ ಚಾಳಿ! ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಬಾಗಿಲಲ್ಲಿ ನಿಂತಿದ್ದ ನಂದಿತಾಳ ಮುಖ ಕೆಂಪಾಯಿತು.

"ನನ್ನ ಮಾತು ನಿಮಗೆ ನಗೋ ವಸ್ತುನಾ? ಇನ್ಮೇಲೆ ನನ್ನ ಎದುರು ಬಾಯಿ ತೆರೀಬೇಡಿ!"

ಅವನು ತೆರೆಯಲಿಲ್ಲ. ಮರುವಾರವೇ ಕೃಷ್ಣಗಿರಿಯ ಹೊಸ ಘಟಕಕ್ಕೆ ವರ್ಗ ಕೇಳಿಕೊಂಡು ಹೋಗಿಬಿಟ್ಟ.

"ಲೂಸಾ ನೀನು?" ಗೆಳತಿ ಸೆಲ್ವಿ ಬೈದಳು. "ಪಾವಂ, ಪಾಪ ಕಣೇ ಅವ್ನು! ಯಾರ ದನಿ ಕಲೀಬೇಕಂದ್ರೂ ವಾರಗಟ್ಲೆ ಕೇಳ್ಬೇಕಂತೆ. ನಿಂದು ಮಾತ್ರ ನೀನಿಲ್ದಿದ್ರೂ ಕಿವೀಲೇ ಇರ್ತದಂತೆ. ನನ್ಹತ್ರ ಹೇಳಿ ಹೋದ."

ನಂದಿತಾ ಫೋನು ಎತ್ತಿಕೊಂಡಳು. ಇಟ್ಟಳು. ಎಲ್ಲರ ಎದುರು ಅವಮಾನ ಮಾಡಿ, ಈಗ ಯಾವ ಬಾಯಲ್ಲಿ ಮಾತಾಡಲಿ?

ಅವನು ಹೋದರೂ ಅವನ ದನಿ ಭೈರನೊಳಗೇ ಉಳಿದಿತ್ತಲ್ಲ...

ಅಂದಿನಿಂದ ದಿನವೂ ಭೈರ ಸುತ್ತು ಬರುವ ಹೊತ್ತಿಗೆ, ಗಂಟೆ ಹತ್ತು ಹತ್ತಕ್ಕೆ, ಅವಳು ಹದಿನಾಲ್ಕನೇ ಕಂಬದ ಬಳಿ, ಭೈರನ ದಾರಿಗೆ ಅಡ್ಡ ನಿಲ್ಲತೊಡಗಿದಳು. ಮೊದಲು ತಮಿಳು. ಆಮೇಲೆ ತೆಲುಗು. ಕನ್ನಡ ಬರುವವರೆಗೂ ಕದಲುತ್ತಿರಲಿಲ್ಲ. ಕೇಳಿ, ಕಣ್ಣೊರೆಸಿಕೊಂಡು, ದಾರಿ ಬಿಡುತ್ತಿದ್ದಳು.

ಹೀಗೇ ನಾಲ್ಕು ತಿಂಗಳು.

ಒಂದು ಬೆಳಿಗ್ಗೆ ಸೂಪರ್‌ವೈಸರ್ ಚಿನ್ನಪ್ಪ ಗೊಣಗಿದ. "ಈ ಭೈರ ದಿನಾ ಅದೇ ಕಂಬದ್ ತಾವ ನಿಂತ್ಕಂತಾನೆ. ರಿಪೋರ್ಟ್ ಹೋಗ್ಯದೆ. ಇವತ್ತು ಸರಿ ಮಾಡಕ್ಕೆ ಬತ್ತಾರೆ. ಹಂಗೇ ಹಳೇ ದನಿ ತೆಗ್ದು ಕಂಪ್ಯೂಟರ್ ದನಿ ಹಾಕ್ತಾರಂತೆ."

ನಂದಿತಾಳ ಕೈಯಿಂದ ಪೆನ್ನು ಜಾರಿತು. ಉಳಿದಿದ್ದು ಅದೊಂದೇ... ಅದೂ ಹೋಗುತ್ತಾ?

ಹತ್ತು ಹತ್ತಕ್ಕೆ ಓಡಿದಳು. ಭೈರ ಬಂದ. ನಿಂತ. ತಮಿಳಿಲ್ಲ. ತೆಲುಗಿಲ್ಲ.

"ಒಂದ್ಸಲ ಮಾತಾಡೋ ಭೈರಾ..." ಕೈ ಮುಗಿದಳು. "ಒಂದೇ ಒಂದ್ಸಲ!"

ಭೈರನ ಕ್ಯಾಮೆರಾ ಅವಳನ್ನೇ ನೋಡುತ್ತಿತ್ತು.

"ವಸಿ ಜರುಗಮ್ಮಣ್ಣಿ... ಕಾಲ್ ತುಳ್ದ್‌ಬುಟ್ಟೇನು."

ದನಿ ಬೆನ್ನ ಹಿಂದಿನಿಂದ ಬಂದಿತ್ತು! ಅಲ್ಲದೆ, ಭೈರನಿಗೆ 'ಅಮ್ಮಣ್ಣಿ' ಅನ್ನಲು ಬರುವುದಿಲ್ಲ...

ತಿರುಗಿದಳು. ಲ್ಯಾಪ್‌ಟಾಪು ಅವುಚಿಕೊಂಡು ಮುನೀಶ ನಿಂತಿದ್ದ.

"ಎದುರು ಬಾಯಿ ತೆರೀಬೇಡಿ ಅಂದಿದ್ರಲ್ಲ. ಅದ್ಕೇ ಹಿಂದಿಂದ ಕರ್ದೆ."

ಅವಳು ಅಳುತ್ತಲೇ ನಕ್ಕಳು.

"ರಿಪೋರ್ಟ್ ನೋಡಿ ಸೆನ್ಸರ್ ಕೆಟ್ಟದೆ ಅಂದ್ಕಂಡೆ," ಅವನು ಲ್ಯಾಪ್‌ಟಾಪು ತೆರೆದು ತೋರಿಸಿದ. "ಭೈರನ ಕ್ಯಾಮೆರಾದ ವಿಡಿಯೋ ತೆಗ್ದು ನೋಡಿದ್ರೆ... ದಿನಾ ನಿಮ್ ಮುಖವೇ. ದಿನಾ ಕಣ್ಣಲ್ಲಿ ನೀರು. ಇವತ್ತು ನಾನೇ ಹೇಳಾಣ ಅಂತ ಇವನ ಬಾಯಿ ಮುಚ್ಚಿಸ್ದೆ. ಅವತ್ತು ನಗ್ಸಕ್ಕೆ ಹೋದೆ, ನೋಯಿಸ್ಬುಟ್ಟೆ. ತಪ್ಪಾಯ್ತು."

"ನಂದೂ ತಪ್ಪು. ನನಗೆ ಈ ದನಿ ಬೇಕು ಮುನೀಶ್. ದನಿ ಮಾತ್ರ ಅಲ್ಲ... ನೀವು ಬೇಕು."

ದೂರದಿಂದ ಚಿನ್ನಪ್ಪ ಕೂಗಿದ. "ಏನ್ಲಾ ಮುನೀಶಾ, ಏನ್ ಕೆಟ್ಟದೆ ಅಂತ ಸಿಕ್ತೇನ್ಲಾ?"

"ಭೈರನ್ಗೇನೂ ಆಗಿಲ್ಲಣ್ಣೋ! ಅಡ್ಡ ನಿಂತವ್ರು ಜರುಗ್ತಾ ಇಲ್ಲ!"

ಆಮೇಲೆ ಮೆಲ್ಲಗೆ ಕೇಳಿದ. "ಜರುಗ್ತೀರಾ?"

ನಂದಿತಾ ಕಣ್ಣೊರೆಸಿಕೊಂಡಳು. ಗಂಟಲು ಸರಿಮಾಡಿಕೊಂಡು, ಥೇಟ್ ಅವನದೇ ಅಂಚೆಟ್ಟಿ ರಾಗದಲ್ಲಿ ಅಂದಳು:

"ಜರುಗಲ್ಲ ಕಣ್ಲಾ... ಏನ್ ಮಾಡ್ತೀಯ?"